ಎಂಟು ಮೀಟರ್ ಆಳದಲ್ಲಿ ಹೇಳಿದ ಸುಳ್ಳು

ನೀರಿನೊಳಗೆ ಮಾತಿಲ್ಲ. ಬಾಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡಿರುವುದರಿಂದ ಹೇಳುವುದು ಕೇಳುವುದು ಎಲ್ಲ ಕೈಸನ್ನೆಯಲ್ಲೇ. ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ ತೋರಿಸಿದರೆ ‘ಓಕೆ’. ಕೇಳುವವರೂ ಅದನ್ನೇ ತೋರಿಸುತ್ತಾರೆ, ಉತ್ತರ ಕೊಡುವವರೂ ಅದನ್ನೇ ತೋರಿಸುತ್ತಾರೆ. ಕಳೆದ ಡಿಸೆಂಬರ್ ರಜೆಯಲ್ಲಿ ಅಂಡಮಾನಿನ ಹ್ಯಾವ್‌ಲಾಕ್ ದ್ವೀಪದಲ್ಲಿ (2018ರಿಂದ ಅದರ ಹೆಸರು ಸ್ವರಾಜ್ ದ್ವೀಪ), ಸುಮಾರು 8 ಮೀಟರ್ ಆಳದಲ್ಲಿ, ನನ್ನ 16 ವರ್ಷದ ಮಗಳು ನನ್ನ ಕಡೆ ತಿರುಗಿ ಆ ಸೊನ್ನೆ ತೋರಿಸಿದಳು. ನಾನೂ ಸೊನ್ನೆ ತೋರಿಸಿದೆ. ಆ ಹೊತ್ತಿಗೆ ನನಗೆ ಮೇಲು ಯಾವುದು ಕೆಳಗು ಯಾವುದು ಗೊತ್ತಾಗುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಬಾಯಲ್ಲಿರುವುದನ್ನೆಲ್ಲ ಕಿತ್ತೆಸೆದು ಈ ಕ್ಷಣವೇ ಮೇಲಕ್ಕೆ ಓಡಬೇಕು ಅನ್ನಿಸುತ್ತಿತ್ತು. ಆದರೂ ಬೆರಳುಗಳು ತಾವಾಗಿಯೇ ಸೊನ್ನೆ ಮಾಡಿದವು. ಅವಳು ನಂಬಿ ಮುಂದಕ್ಕೆ ಈಜಿದಳು.

ಪುಣೆಗೆ ವಾಪಸ್ಸು ಬಂದು ಇಷ್ಟು ದಿನವಾದರೂ ಆ ಸೊನ್ನೆ ನನ್ನನ್ನು ಬಿಟ್ಟಿಲ್ಲ. ಭಯಪಟ್ಟಿದ್ದಕ್ಕೆ ನನಗೆ ನಾಚಿಕೆಯಿಲ್ಲ. 44ನೆಯ ವಯಸ್ಸಿನಲ್ಲಿ, ಹೊಟ್ಟೆಯ ಸುತ್ತ ಸೀಸದ ತುಂಡುಗಳ ಬೆಲ್ಟ್ ಕಟ್ಟಿಕೊಂಡು ಸಮುದ್ರಕ್ಕಿಳಿದವನು ಹೆದರದಿದ್ದರೆ ಅವನ ತಲೆಯನ್ನೇ ಪರೀಕ್ಷೆ ಮಾಡಿಸಬೇಕು. ನನ್ನನ್ನು ಕಾಡುತ್ತಿರುವ ಪ್ರಶ್ನೆ ಬೇರೆ: ಭಯವನ್ನು ಬಚ್ಚಿಟ್ಟುಕೊಳ್ಳುವ ಹಕ್ಕು ನನಗಿತ್ತೇ?

ಮೊದಲ ದಿನದಿಂದ ಹೇಳುತ್ತೇನೆ. ಡೈವಿಂಗ್ ಕೋರ್ಸಿಗೆ ಸೇರಿಸಿದ್ದು ಮಗಳು. ನಾಲ್ಕು ದಿನದ ಕೋರ್ಸ್. ಮೊದಲು 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಅದೆಲ್ಲ ನನಗೆ ಸಲೀಸು, ಬಾವಿಯಲ್ಲಿ ಈಜು ಕಲಿತವನು ನಾನು. ಆ ಜಂಬ ಇಳಿಯಲು ಮಧ್ಯಾಹ್ನದವರೆಗೆ ಕಾಯಬೇಕಾಗಲಿಲ್ಲ. ಸೊಂಟದಿಂದ ಸ್ವಲ್ಪ ಮೇಲೆ ಬರುವಷ್ಟು ನೀರಿನಲ್ಲಿ ಮಂಡಿಯೂರಿ ಕೂತು, ಕಣ್ಣು ಮೂಗು ಮುಚ್ಚುವ ಮಾಸ್ಕಿನೊಳಗೆ ಬೇಕೆಂದೇ ನೀರು ತುಂಬಿಸಿಕೊಂಡು, ಮೂಗಿನಿಂದ ಗಾಳಿ ಊದಿ ಆ ನೀರನ್ನು ಹೊರಗೆ ಹಾಕುವ ಪಾಠ. ಬಾಯಲ್ಲಿ ರೆಗ್ಯುಲೇಟರ್ ಇದೆ, ಬೇಕಾದಷ್ಟು ಗಾಳಿ ಬರುತ್ತಿದೆ. ಆದರೂ ಮೂಗಿಗೆ ಉಪ್ಪುನೀರು ಮುಟ್ಟಿದ ತಕ್ಷಣ ಮೈಯೆಲ್ಲ ‘ಮುಳುಗಿದೆ’ ಎಂದು ಕೂಗಿಕೊಂಡಿತು. ಧಡಕ್ಕನೆ ಎದ್ದು ನಿಂತೆ. ಪಕ್ಕದಲ್ಲಿ ಮಗಳು ಅದೇ ಪಾಠವನ್ನು ಕಣ್ಣಿನ ಕಸ ತೆಗೆದುಕೊಂಡಷ್ಟು ಸುಲಭವಾಗಿ ಮುಗಿಸಿದ್ದಳು.

ನಮ್ಮ ಇನ್‌ಸ್ಟ್ರಕ್ಟರ್ 26 ವರ್ಷದ ಹುಡುಗ. ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ‘ಸರ್, ಉಸಿರು ಎಳೆದುಕೊಳ್ಳೋದನ್ನ ಮರೀರಿ, ಬಿಡೋದನ್ನ ನೋಡ್ಕೊಳ್ಳಿ’ ಅಂದ ಹಿಂದಿಯಲ್ಲಿ. ಅದರ ಹಿಂದಿನ ಶರೀರಶಾಸ್ತ್ರ ಸರಳವಾಗಿದೆ. ನಮಗೆ ಉಸಿರು ಕಟ್ಟಿದ ಹಾಗೆ ಅನ್ನಿಸುವುದು ಹೆಚ್ಚಾಗಿ ಆಮ್ಲಜನಕ ಕಡಿಮೆಯಾದದ್ದರಿಂದಲ್ಲ, ಇಂಗಾಲದ ಡೈಆಕ್ಸೈಡ್ ಹೆಚ್ಚಾದದ್ದರಿಂದ. ಹೆದರಿದವನು ಮೇಲಿಂದ ಮೇಲೆ ಗಿಡ್ಡ ಉಸಿರು ತೆಗೆಯುತ್ತಾನೆ. ಅದು ಗಂಟಲು, ಕೊಳವೆಗಳಲ್ಲಿರುವ ಹಳೆಯ ಗಾಳಿಯನ್ನೇ ಹಿಂದೆ ಮುಂದೆ ತಳ್ಳುತ್ತದೆ, ಶ್ವಾಸಕೋಶದ ಆಳದಲ್ಲಿರುವುದು ಅಲ್ಲೇ ಉಳಿಯುತ್ತದೆ. ಇಂಗಾಲ ಏರುತ್ತದೆ, ಮೆದುಳು ಇನ್ನೂ ಗಾಳಿ ಬೇಕು ಎನ್ನುತ್ತದೆ, ಇನ್ನೂ ಗಿಡ್ಡ ಉಸಿರು. ಸಿಲಿಂಡರ್ ತುಂಬ ಗಾಳಿ ಇಟ್ಟುಕೊಂಡು ಗಾಳಿ ಸಾಲುತ್ತಿಲ್ಲ ಎಂದು ಒದ್ದಾಡುತ್ತೇವೆ. ಉದ್ದವಾಗಿ ಹೊರಗೆ ಬಿಟ್ಟರೆ ಮಾತ್ರ ಈ ಸುತ್ತು ಮುರಿಯುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. 10 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟು ಜಾಗ ಕೇಳುತ್ತದೆ. ಉಸಿರು ಕಟ್ಟಿಕೊಂಡು ಮೇಲಕ್ಕೆ ಚಿಮ್ಮಿದರೆ ಶ್ವಾಸಕೋಶವೇ ಹರಿಯಬಹುದು. ಎಂದರೆ, ಹೆದರಿದ ದೇಹ ತಾನಾಗಿ ಮಾಡಲು ಹೊರಡುವ ಎರಡು ಕೆಲಸಗಳು, ಉಸಿರು ಹಿಡಿಯುವುದು ಮತ್ತು ಮೇಲಕ್ಕೆ ಓಡುವುದು, ಅಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ‘ನಿನ್ನ ಒಳದನಿ ಕೇಳು’ ಎಂದು ಈಗ ಎಲ್ಲರೂ ಉಪದೇಶ ಮಾಡುತ್ತಾರಲ್ಲ, ನನ್ನ ಒಳದನಿ ಹೇಳಿದ್ದನ್ನು ಕೇಳಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಹಾಗಂತ ಆ ದನಿ ಸುಳ್ಳೂ ಅಲ್ಲ. ಏನೋ ಸರಿಯಿಲ್ಲ ಎನ್ನುವ ಸುದ್ದಿ ನಿಜವೇ. ಅದಕ್ಕೆ ಅದು ಸೂಚಿಸುವ ಪರಿಹಾರ ಮಾತ್ರ ತಪ್ಪು. ಸುದ್ದಿಯನ್ನು ಒಪ್ಪಿಕೊಂಡು ಪರಿಹಾರವನ್ನು ನಿರಾಕರಿಸುವುದು, ಇದನ್ನೇ ಅವರು ನಾಲ್ಕು ಮಾತಿನಲ್ಲಿ ಕಲಿಸುತ್ತಾರೆ: ನಿಲ್ಲು, ಉಸಿರಾಡು, ಯೋಚಿಸು, ಆಮೇಲೆ ಮಾಡು.

ನಾನು ಕಲಿತ ಬಾವಿಯ ಪಾಠಶಾಲೆಯಲ್ಲಿ ಇಂಥದ್ದೇನೂ ಇರಲಿಲ್ಲ. ಅರಸೀಕೆರೆ ಕಡೆಯ ನಮ್ಮ ತೋಟದ ಬಾವಿ, ಒಂದು ಬದಿಗೆ ಕಲ್ಲಿನ ಮೆಟ್ಟಿಲು. ನನಗೆ ಒಂಬತ್ತು ವರ್ಷ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನಾಲ್ಕು ದಿನ ಆಡಿಸಿದರು. ಐದನೆಯ ದಿನ ಬುರುಡೆ ಬಿಚ್ಚಿ, ದಂಡೆಯ ಮೇಲೆ ನಿಲ್ಲಿಸಿ, ಅಪ್ಪ ಹಿಂದಿನಿಂದ ನೂಕಿಬಿಟ್ಟರು. ‘ಗಂಡುಮಗ ಅಳ್ತಾನೇನೋ’ ಎನ್ನುವ ಮಾತು ನೀರಿಗೆ ಬೀಳುವಾಗ ಕಿವಿಯಲ್ಲಿತ್ತು. ಬಾವಿಯ ತಣ್ಣನೆಯ ಹಸಿರು ಕತ್ತಲು, ಮೂಗಿನೊಳಗೆ ಹೋದ ಪಾಚಿಯ ವಾಸನೆ ಈಗಲೂ ನೆನಪಿದೆ. ಕೈಕಾಲು ಬಡಿದು ಮೇಲೆ ಬಂದೆ. ಒಂದು ವಾರದಲ್ಲಿ ಈಜು ಬಂತು. ಅದನ್ನು ಅಲ್ಲಗಳೆಯುವಂತಿಲ್ಲ, ಇವತ್ತಿನ ಕೋಚಿಂಗ್ ಕ್ಲಾಸುಗಳು ಮೂರು ತಿಂಗಳಲ್ಲಿ ಕಲಿಸುವುದನ್ನು ಆ ಬಾವಿ ಒಂದು ವಾರದಲ್ಲಿ ಕಲಿಸಿತು. ಜೊತೆಗೆ ಇನ್ನೊಂದನ್ನೂ ಕಲಿಸಿತು: ಮೇಲೆ ಬಂದಾಗ ಮುಖದ ಮೇಲೆ ಹೆದರಿಕೆ ಕಾಣಿಸಬಾರದು. ದಂಡೆಯ ಮೇಲೆ ಚಿಕ್ಕಪ್ಪಂದಿರು, ಓರಗೆಯ ಹುಡುಗರು ಸಾಲಾಗಿ ನಿಂತಿರುತ್ತಿದ್ದರು. ಕೆಮ್ಮುತ್ತಲೇ ನಗಬೇಕು. ಈಜಿಗಿಂತ ಬೇಗ ನಾನು ಕಲಿತದ್ದು ಅದನ್ನೇ.

ಬಾವಿಗೆ ಧುಮುಕುವವರ ವಿಷಯ ಸಾಕ್ರಟೀಸನಿಗೂ ಗೊತ್ತಿತ್ತು ಎನ್ನುವುದು ನನಗೆ ಖುಷಿ ಕೊಡುವ ಸಂಗತಿ. ಪ್ಲೇಟೋ ಬರೆದ ‘ಲಾಕೀಸ್’ ಎಂಬ ಸಂವಾದ ಶುರುವಾಗುವುದೇ ಇಬ್ಬರು ಅಪ್ಪಂದಿರ ಚಿಂತೆಯಿಂದ. ಮಕ್ಕಳಿಗೆ ಆಯುಧ ಹಿಡಿದು ಕಾದುವ ವಿದ್ಯೆ ಕಲಿಸಬೇಕೋ ಬೇಡವೋ ಎಂದು ಅವರು ಇಬ್ಬರು ಸೇನಾಪತಿಗಳನ್ನು ಕೇಳುತ್ತಾರೆ. ಮಾತು ಧೈರ್ಯ ಎಂದರೇನು ಎನ್ನುವಲ್ಲಿಗೆ ಬರುತ್ತದೆ. ಸೇನಾಪತಿ ಲಾಕೀಸ್, ಧೈರ್ಯವೆಂದರೆ ಮನಸ್ಸಿನ ತಾಳಿಕೆ ಎನ್ನುತ್ತಾನೆ. ಆಗ ಸಾಕ್ರಟೀಸ್ ಕೇಳುವುದು ಇದು: ಬಾವಿಗೆ ಧುಮುಕುವ ವಿದ್ಯೆ ಗೊತ್ತಿಲ್ಲದೆಯೂ ಧುಮುಕಿ ತಾಳಿಕೊಳ್ಳುವವನು, ವಿದ್ಯೆ ಗೊತ್ತಿದ್ದು ಧುಮುಕುವವನಿಗಿಂತ ಹೆಚ್ಚು ಧೈರ್ಯಶಾಲಿಯೋ? ಹೌದು ಎಂದರೆ ಮೂರ್ಖತನವೇ ಧೈರ್ಯವಾಗುತ್ತದೆ. ಇಲ್ಲ ಎಂದರೆ, ಗೊತ್ತಿದ್ದವನಿಗೆ ಅಲ್ಲಿ ಹೆದರುವುದಕ್ಕೆ ಏನಿದೆ, ಧೈರ್ಯ ಎಲ್ಲಿ ಬಂತು? ಲಾಕೀಸ್ ಸಿಕ್ಕಿಹಾಕಿಕೊಳ್ಳುತ್ತಾನೆ. ಆ ಸಂವಾದ ಧೈರ್ಯದ ವ್ಯಾಖ್ಯೆ ಸಿಗದೆಯೇ ಮುಗಿಯುತ್ತದೆ. ‘ಪ್ರೊಟಾಗೊರಸ್’ ಎಂಬ ಇನ್ನೊಂದು ಸಂವಾದದಲ್ಲೂ ಇದೇ ಬಾವಿ ಬರುತ್ತದೆ. ಅಲ್ಲಿ ಧುಮುಕುವವರು ಅಳುಕದೆ ಧುಮುಕುವುದು ತಿಳಿವಳಿಕೆ ಇರುವುದರಿಂದ ಎಂಬ ಉತ್ತರ ಸಿಗುತ್ತದೆ.

ಎಂಟೆಕ್ ಓದಿದವನಿಗೆ ಈ ಎರಡನೆಯ ಉತ್ತರ ಹಿತವಾಗಿ ಕೇಳಿಸುತ್ತದೆ. ತಿಳಿದರೆ ಭಯ ಹೋಗುತ್ತದೆ! ನಾನು ಹೋಗುವ ಮೊದಲೇ ಕೋರ್ಸಿನ ಪುಸ್ತಕವನ್ನು ಎರಡು ಸಲ ಓದಿದ್ದೆ. ನೀರೊಳಗೆ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ, ಶಬ್ದ ನಾಲ್ಕು ಪಟ್ಟು ಹೆಚ್ಚು ವೇಗವಾಗಿ ಚಲಿಸುವುದರಿಂದ ಎರಡು ಕಿವಿಗೂ ಒಟ್ಟಿಗೇ ಮುಟ್ಟಿದಂತಾಗಿ ಯಾವ ದಿಕ್ಕಿನದು ಎಂದು ತಿಳಿಯುವುದಿಲ್ಲ, ತಣ್ಣೀರು ಒಂದು ಕಿವಿಗೆ ಮೊದಲು ನುಗ್ಗಿದರೆ ಸ್ವಲ್ಪ ಹೊತ್ತು ತಲೆ ಸುತ್ತುತ್ತದೆ, ಎಲ್ಲವನ್ನೂ ಬಾಯಿಪಾಠ ಹೇಳುತ್ತಿದ್ದೆ. ಮೂರನೆಯ ದಿನ ನೀಮೋ ರೀಫ್ ಎಂಬ ದಡದ ಪಕ್ಕದ ಜಾಗದಲ್ಲಿ ಮೊದಲ ಸಲ ನಿಜವಾದ ಸಮುದ್ರಕ್ಕೆ ಇಳಿದಾಗ, ಆ ಬಾಯಿಪಾಠವೆಲ್ಲ ಬೇರೆ ಯಾರದೋ ಟಿಪ್ಪಣಿಯಂತೆ ದೂರದಲ್ಲಿ ನಿಂತಿತ್ತು.

ಆದದ್ದು ಇಷ್ಟೇ. ನನ್ನ ಕಾಲಿನ ಫಿನ್ ತಳಕ್ಕೆ ತಗುಲಿ ಮರಳು ಎದ್ದಿತು. ಸುತ್ತ ಬೂದುಬಣ್ಣದ ಮಬ್ಬು. ನೆಲದ ಮೇಲೆ ನಾವು ನೆಟ್ಟಗಿದ್ದೇವೆ ಎಂದು ತಿಳಿಯುವುದು ಪಾದದಡಿಯ ಭಾರದಿಂದ, ಕಣ್ಣೆದುರಿನ ಗೋಡೆ ಮರಗಳಿಂದ. ತೇಲುವವನಿಗೆ ಪಾದದಡಿಯ ಭಾರವಿಲ್ಲ. ಮಬ್ಬಿನಲ್ಲಿ ಕಣ್ಣಿಗೂ ಆಸರೆಯಿಲ್ಲ. ಉಳಿದದ್ದು ಒಳಗಿವಿ, ಅದೂ ಆ ಹೊತ್ತಿಗೆ ನಂಬುವ ಸ್ಥಿತಿಯಲ್ಲಿರಲಿಲ್ಲ. ನಾನು ಬಾಗಿದ್ದೇನೋ, ತಲೆಕೆಳಗಾಗಿದ್ದೇನೋ, ಮುಳುಗುತ್ತಿದ್ದೇನೋ ಏರುತ್ತಿದ್ದೇನೋ! ಉಸಿರಿನ ಗುಳ್ಳೆ ಯಾವ ಕಡೆ ಹೋಗುತ್ತದೋ ಅದೇ ಮೇಲು ಎಂದು ಪುಸ್ತಕದಲ್ಲಿ ಓದಿದ್ದು ನೆನಪಾಗಲು ಎಷ್ಟು ಹೊತ್ತು ಹಿಡಿಯಿತೋ, ಬಹುಶಃ ಹತ್ತು ಸೆಕೆಂಡು. ಹತ್ತು ಸೆಕೆಂಡು ಅಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಆ ಮಬ್ಬಿನಿಂದ ಮಗಳ ಮುಖ ಬಂತು. ಸೊನ್ನೆ ತೋರಿಸಿದಳು. ನಾನು ಸೊನ್ನೆ ತೋರಿಸಿದೆ.

ಗಮನಿಸಿ, ಅಲ್ಲಿ ಬೇರೆ ಉತ್ತರವೂ ಇತ್ತು. ಅಂಗೈಯನ್ನು ಚಪ್ಪಟೆಯಾಗಿ ಹಿಡಿದು ಆಚೀಚೆ ಅಲುಗಾಡಿಸಿದರೆ ‘ಏನೋ ಸರಿಯಿಲ್ಲ’ ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ, ನಾವು ದಿನಾ ವಾಟ್ಸ್ಯಾಪಿನಲ್ಲಿ ಒತ್ತುವ ಹಾಗೆ ‘ಭೇಷ್’ ಅಂತಲ್ಲ, ‘ಮೇಲೆ ಹೋಗೋಣ, ಡೈವ್ ಮುಗಿಯಿತು’ ಅಂತ. ಎರಡನ್ನೂ ಮೊದಲ ದಿನವೇ ಕಲಿಸಿದ್ದರು. ನನ್ನ ಕೈಗೆ ಅವು ಬರಲೇ ಇಲ್ಲ. 44 ವರ್ಷ ಒಂದೇ ಉತ್ತರ ಕೊಟ್ಟು ರೂಢಿಯಾದ ಕೈ.

ಸುಳ್ಳನ್ನು ಹಿಡಿದದ್ದು ಗೇಜ್. ಸಿಲಿಂಡರಿನಲ್ಲಿ ಎಷ್ಟು ಗಾಳಿ ಉಳಿದಿದೆ ಎಂದು ತೋರಿಸುವ ಮೀಟರ್ ಅದು. ಮೂವರೂ 200 ಬಾರ್‌ನಿಂದ ಶುರು ಮಾಡಿದ್ದೆವು. ಇಪ್ಪತ್ತು ನಿಮಿಷದ ಮೇಲೆ ಇನ್‌ಸ್ಟ್ರಕ್ಟರ್ ಕೇಳಿದಾಗ ಮಗಳು 130 ತೋರಿಸಿದಳು, ನಾನು 80. ಅವನು ನನ್ನ ಮುಖವನ್ನು ಒಂದು ಕ್ಷಣ ನೋಡಿ, ನನ್ನ ತೋಳು ಹಿಡಿದುಕೊಂಡು, ನಿಧಾನವಾಗಿ ದಡದ ಕಡೆ ತಿರುಗಿಸಿದ.

ಮರಳಿನ ಮೇಲೆ ಕೂತು ಸಿಲಿಂಡರ್ ಬಿಚ್ಚುವಾಗ ಅವನು ಹೇಳಿದ್ದು ಹೀಗೆ: ‘ಭಯ ಆಗಿದ್ದು ತಪ್ಪಲ್ಲ ಸರ್. ಎಲ್ಲರಿಗೂ ಆಗುತ್ತೆ. ಆದರೆ ನಿಮ್ಮ ಮಗಳು ನಿಮ್ಮ ಓಕೆ ನಂಬಿಕೊಂಡು ಮುಂದೆ ಹೋದಳು. ನೀವು ಆಗ ಮೇಲಕ್ಕೆ ಓಡಿದ್ದರೆ, ಅವಳೂ ನಿಮ್ಮ ಹಿಂದೆ ಓಡಿ ಬರ್ತಿದ್ದಳು.’ ಇಷ್ಟು ಹೇಳಿ ಸಿಲಿಂಡರುಗಳನ್ನು ಹೊತ್ತುಕೊಂಡು ಹೋದ.

ಡೈವಿಂಗಿನಲ್ಲಿ ಇಬ್ಬಿಬ್ಬರು ಜೊತೆಯಾಗಿಯೇ ಇಳಿಯುವುದು. ಒಬ್ಬರ ಗಾಳಿ ಮುಗಿದರೆ ಇನ್ನೊಬ್ಬರ ಸಿಲಿಂಡರಿನಿಂದ ಉಸಿರಾಡಬೇಕು, ಅದಕ್ಕೆಂದೇ ಪ್ರತಿಯೊಬ್ಬರ ಬಳಿ ಇನ್ನೊಂದು ಬಾಯಿಕೊಳವೆ ನೇತಾಡುತ್ತಿರುತ್ತದೆ. ಆ ಜೊತೆಗಾರನಿಗೆ ಇಂಗ್ಲಿಷಿನಲ್ಲಿ ಇರುವ ಪದವನ್ನು ಕನ್ನಡದಲ್ಲಿ ಬರೆದರೆ ‘ಬಡ್ಡಿ’ ಎಂದೇ ಆಗುತ್ತದೆ. ಮೊದಲ ದಿನ ಇದನ್ನು ಹೇಳಿ ಮಗಳನ್ನು ನಗಿಸಿದ್ದೆ, ಅವಳಿಗೆ ಸಾಲ ಬಡ್ಡಿಯ ಅರ್ಥ ಬಿಡಿಸಿ ಹೇಳಬೇಕಾಯಿತು, ಅದು ಬೇರೆ ಮಾತು. ಮರಳಿನ ಮೇಲೆ ಕೂತಿದ್ದಾಗ ಅದು ತಮಾಷೆಯಾಗಿ ಉಳಿದಿರಲಿಲ್ಲ. ಸುಳ್ಳು ನನ್ನದು, ಅದರ ಬಡ್ಡಿ ಕಟ್ಟಬೇಕಾಗಿದ್ದವಳು ಅವಳು.

ಇದಕ್ಕೆ ನನ್ನೊಳಗಿನ ವಕೀಲ ಒಂದು ವಾದ ಹೂಡಿದ, ಅದನ್ನು ಹಾಗೇ ತಳ್ಳಿಹಾಕುವಂತಿಲ್ಲ. ಅಪ್ಪನಾದವನು ಮಕ್ಕಳ ಮುಂದೆ ಭಯ ತೋರಿಸಬಹುದೇ? ಮಳೆಗಾಲದ ರಾತ್ರಿ ಚಾರ್ಮಾಡಿ ಘಾಟಿ ಇಳಿಯುತ್ತಿರುವ ಬಸ್ಸಿನ ಡ್ರೈವರ್ ಹಿಂದಕ್ಕೆ ತಿರುಗಿ, ‘ಯಾಕೋ ಇವತ್ತು ಕೈ ನಡುಗ್ತಿದೆ ಸ್ವಾಮಿ’ ಅಂದರೆ ಪ್ರಯಾಣಿಕರ ಗತಿ ಏನು? ಆಪರೇಷನ್ನಿಗೆ ಮುಂಚೆ ಡಾಕ್ಟರು ತಮ್ಮ ಅಳುಕನ್ನೆಲ್ಲ ರೋಗಿಯ ಮುಂದೆ ತೋಡಿಕೊಳ್ಳಬೇಕೇ? ಕೆಲವರ ಭಯ ಅವರೊಳಗೇ ಇರುವುದು ಇತರರಿಗೆ ಉಪಕಾರ. ಇದು ನಿಜ. ಆದರೆ ಹೇಳದೆ ಇರುವುದೂ, ಕೇಳಿದಾಗ ಸುಳ್ಳು ಹೇಳುವುದೂ ಒಂದೇ ಅಲ್ಲ. ಬಸ್ಸಿನ ಪ್ರಯಾಣಿಕ ಡ್ರೈವರಿನ ಭಯ ತಿಳಿದು ಮಾಡುವಂಥದ್ದು ಏನೂ ಇಲ್ಲ. ನನ್ನ ಮಗಳಿಗೆ ಇತ್ತು. ತೋಳು ಹಿಡಿಯಬಹುದಿತ್ತು, ಇನ್‌ಸ್ಟ್ರಕ್ಟರನ್ನು ಕರೆಯಬಹುದಿತ್ತು, ನನ್ನಿಂದ ಎರಡು ಅಡಿಗಿಂತ ಹೆಚ್ಚು ದೂರ ಹೋಗದೆ ಇರಬಹುದಿತ್ತು. ಅವಳು ನನ್ನ ಯೋಗಕ್ಷೇಮ ವಿಚಾರಿಸುತ್ತಿರಲಿಲ್ಲ, ಮುಂದೆ ತಾನು ಏನು ಮಾಡಬೇಕು ಎಂದು ನಿರ್ಧರಿಸಲು ಬೇಕಾದ ಮಾಹಿತಿ ಕೇಳುತ್ತಿದ್ದಳು. ನಾನು ಅವಳಿಗೆ ತಪ್ಪು ಮಾಹಿತಿ ಕೊಟ್ಟೆ. ಅದನ್ನು ನಾನು ಪ್ರೀತಿ ಎಂದು ಕರೆದುಕೊಂಡೆ, ಮಗು ಹೆದರದಿರಲಿ ಅಂತ. ಒಳಗೆ ಕೈ ಹಾಕಿ ನೋಡಿದರೆ ಅಲ್ಲಿ ಇದ್ದದ್ದು ಪ್ರೀತಿಗಿಂತ ಹೆಚ್ಚಾಗಿ ಬಾವಿಯ ದಂಡೆಯಲ್ಲಿ ಸಾಲಾಗಿ ನಿಂತ ಜನ.

ನಮ್ಮ ಕೆಲಸದ ಲೋಕದಲ್ಲಿ ಇದಕ್ಕೆ ಒಂದು ಹೆಸರೇ ಇದೆ, ಕಲ್ಲಂಗಡಿ ರಿಪೋರ್ಟ್. ಹೊರಗೆ ಹಸಿರು, ಕೊಯ್ದರೆ ಕೆಂಪು. ಪ್ರಾಜೆಕ್ಟ್ ನಡೆಸುವವರಿಗೆಲ್ಲ ಗೊತ್ತಿರುವ ಜೋಕು ಇದು. ಕೆಲವು ವರ್ಷಗಳ ಹಿಂದೆ ನನ್ನ ತಂಡದಲ್ಲಿ ಒಬ್ಬ ಹುಡುಗ ಮೂರು ವಾರ ದಿನಾ ಬೆಳಗಿನ ಕಾಲ್‌ನಲ್ಲಿ ‘ಆಲ್ ಓಕೆ ಸರ್’ ಅನ್ನುತ್ತಿದ್ದ. ರಿಲೀಸಿನ ಹಿಂದಿನ ರಾತ್ರಿ ಗೊತ್ತಾಯಿತು, ಅವನ ಭಾಗ ಅರ್ಧವೂ ಆಗಿರಲಿಲ್ಲ, ಹದಿನೈದು ದಿನದಿಂದ ಅವನು ಸರಿಯಾಗಿ ನಿದ್ದೆಯನ್ನೂ ಮಾಡಿರಲಿಲ್ಲ. ‘ಮೊದಲೇ ಯಾಕೆ ಹೇಳಲಿಲ್ಲ?’ ಎಂದು ನಾನು ಕೂಗಾಡಿದೆ. ಅವನು ‘ಹೇಳೋಕೆ ಭಯ ಆಯ್ತು ಸರ್’ ಅಂದ. ಅವತ್ತು ಅದು ನನಗೆ ನೆಪವಾಗಿ ಕೇಳಿಸಿತ್ತು. ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಹ್ಯಾವ್‌ಲಾಕಿನ ಮರಳಿನ ಮೇಲೆ ಕೂತಾಗ ನೆನಪಾದದ್ದು ಅವನೇ. ಅವನ ಸೊನ್ನೆಯನ್ನು ನಾನು ಯಾವತ್ತಾದರೂ ನಿಜವಾಗಿ ನೋಡಿದ್ದೆನೇ? ಗೇಜ್ ಕೇಳಿದ್ದೆನೇ? ‘ಇಲ್ಲ ಸರ್, ಸರಿಯಿಲ್ಲ’ ಎಂದಿದ್ದರೆ ನನ್ನ ಮುಖ ಹೇಗಾಗುತ್ತಿತ್ತು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ನಾವು ಊರು ಬಿಟ್ಟವರು ಪ್ರತಿ ಭಾನುವಾರ ಮಾಡುವ ಫೋನೂ ಇದೇ ಅಲ್ಲವೇ? ‘ಎಲ್ಲಾ ಚೆನ್ನಾಗಿದೆ ಅಮ್ಮ.’ ‘ಇಲ್ಲೂ ಎಲ್ಲಾ ಚೆನ್ನಾಗಿದೆ ಕಣಪ್ಪ.’ ಅವಳ ಮಂಡಿ ನೋವು ತಿಂಗಳಾದ ಮೇಲೆ ಪಕ್ಕದ ಮನೆಯವರಿಂದ ಗೊತ್ತಾಗುತ್ತದೆ. ನನ್ನ ಕೆಲಸ ಅಲುಗಾಡುತ್ತಿರುವ ಸುದ್ದಿ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಸಾವಿರ ಕಿಲೋಮೀಟರ್ ಆಚೆಯಿಂದ ಇಬ್ಬರೂ ಸೊನ್ನೆ ತೋರಿಸಿಕೊಳ್ಳುತ್ತೇವೆ.

ಡೈವಿಂಗಿನಲ್ಲಿ ಒಂದು ಅಲಿಖಿತ ಕಟ್ಟಳೆ ಇದೆ. ಯಾರು ಬೇಕಾದರೂ, ಯಾವಾಗ ಬೇಕಾದರೂ, ಯಾವ ಕಾರಣಕ್ಕೆ ಬೇಕಾದರೂ ಡೈವನ್ನು ನಿಲ್ಲಿಸಬಹುದು. ಯಾಕೆ ಎಂದು ಕೇಳುವಂತಿಲ್ಲ, ಆಮೇಲೆ ಆಡಿಕೊಳ್ಳುವಂತಿಲ್ಲ. ಇದನ್ನು ಮೊದಲು ಕೇಳಿದಾಗ ನನ್ನೊಳಗಿನ ಮ್ಯಾನೇಜರ್ ನಕ್ಕ. ಹೀಗೆ ಬಿಟ್ಟರೆ ಯಾವ ಕೆಲಸ ಮುಗಿಯುತ್ತದೆ? ಈಗಲೂ ಇದನ್ನು ಆಫೀಸಿಗೆ ಹಾಗೇ ಎತ್ತಿ ತರಬಹುದು ಎಂದು ನಾನು ನಂಬುವುದಿಲ್ಲ, ಡೆಡ್‌ಲೈನ್ ಇರುವ ಕಡೆ ಕಸಿವಿಸಿಯನ್ನು ತಾಳಿಕೊಳ್ಳಲೇಬೇಕಾಗುತ್ತದೆ. ಮೂಗಿಗೆ ನೀರು ಹೋದ ಕಸಿವಿಸಿಯನ್ನು ಡೈವಿಂಗಿನಲ್ಲೂ ತಾಳಿಕೊಂಡೇ ಕಲಿಯಬೇಕು. ಆದರೆ ಆ ಕಟ್ಟಳೆ ಇಲ್ಲದಿದ್ದರೆ ಅಲ್ಲಿ ಯಾರ ಓಕೆಗೂ ಬೆಲೆಯಿರುವುದಿಲ್ಲ ಎಂದು ಮಾತ್ರ ಅರ್ಥವಾಯಿತು. ‘ಇಲ್ಲ’ ಎಂದವನಿಗೆ ಶಿಕ್ಷೆಯಿರುವ ಜಾಗದಲ್ಲಿ ‘ಹೌದು’ ಎಂಬುದರಿಂದ ಏನು ತಿಳಿಯುತ್ತದೆ? ದಂಡೆಯ ಮೇಲೆ ನಗುವ ಜನರನ್ನು ನಿಲ್ಲಿಸಿ, ಬಾವಿಯೊಳಗಿನ ಹುಡುಗನನ್ನು ಸುಳ್ಳ ಎನ್ನುವುದು ಹೇಗೆ? ಕಂಪನಿಗಳು ಜನರನ್ನು ಪಟ್ಟಿ ಮಾಡಿ ಕಳಿಸುತ್ತಿರುವ ಈ ದಿನಗಳಲ್ಲಿ ಎಲ್ಲರ ಮುಂದೆ ಭಯ ತೆರೆದಿಡಿ ಎನ್ನುವುದು ಹೇಳಲು ಸುಲಭ. ಸತ್ಯ ಹೇಳುವ ಹೊಣೆಯಲ್ಲಿ ದೊಡ್ಡ ಪಾಲು ಕೇಳುವ ಸ್ಥಾನದಲ್ಲಿ ಇರುವವನದು.

ಅಭಯ ಎಂಬ ಪದದ ಬಗ್ಗೆ ಆ ರಾತ್ರಿ ತುಂಬ ಯೋಚಿಸಿದೆ. ಗೀತೆಯ 16ನೆಯ ಅಧ್ಯಾಯದಲ್ಲಿ ದೈವೀ ಗುಣಗಳ ಪಟ್ಟಿ ಶುರುವಾಗುವುದೇ ಅಭಯದಿಂದ. ಚಿಕ್ಕಂದಿನಿಂದ ಅದನ್ನು ನಾನು ಒಬ್ಬ ವೀರನ ಆಸ್ತಿ ಎಂದೇ ತಿಳಿದಿದ್ದೆ, ಎದೆಯೊಳಗೆ ಇರುವುದು ಅಥವಾ ಇಲ್ಲದಿರುವುದು. ಆದರೆ ನಮ್ಮ ಮಾತಿನಲ್ಲಿ ಅಭಯವನ್ನು ‘ಕೊಡುತ್ತಾರೆ’. ಅಭಯದಾನ ಎನ್ನುತ್ತೇವೆ. ಗುಡಿಯಲ್ಲಿ ದೇವರ ಬಲಗೈ ಅಂಗೈ ತೋರಿಸಿ ನಿಂತಿರುತ್ತದೆ. ಕೊಡುವವರು ಇದ್ದರೆ ತೆಗೆದುಕೊಳ್ಳುವವರೂ ಇರಬೇಕು, ತೆಗೆದುಕೊಳ್ಳುವವನು ಮೊದಲು ತನಗೆ ಭಯವಿದೆ ಎಂದು ಒಪ್ಪಿಕೊಂಡು ಎದುರು ನಿಂತಿರಬೇಕು. ಲಾಕೀಸನೂ ಸಾಕ್ರಟೀಸನೂ ಮಾತಾಡುವುದು ಒಂಟಿಯಾಗಿ ಬಾವಿಗೆ ಧುಮುಕುವವನ ಬಗ್ಗೆ. ಜೊತೆಯಲ್ಲಿ ಇಳಿಯುವವರ ವಿಷಯ ಅಲ್ಲಿ ಬರುವುದಿಲ್ಲ. ಅವರ ಧೈರ್ಯ ಇಬ್ಬರ ನಡುವೆ ಎಲ್ಲೋ ಇರುತ್ತದೆ ಎಂದು ನನಗೆ ಈಗ ಅನ್ನಿಸುತ್ತದೆ.

ನಾಲ್ಕನೆಯ ದಿನ ದೋಣಿಯಲ್ಲಿ ಲೈಟ್‌ಹೌಸ್ ಎಂಬ ಜಾಗಕ್ಕೆ ಹೋದೆವು. ಹಗ್ಗ ಹಿಡಿದು ಇಳಿಯುತ್ತಿದ್ದಾಗ 6 ಮೀಟರಿನಲ್ಲಿ ನನ್ನ ಎಡಗಿವಿ ತೆರೆಯಲಿಲ್ಲ. ಎರಡು ಕಿವಿಗಳ ಒತ್ತಡ ಸಮವಾಗದಿದ್ದರೆ ತಲೆ ತಿರುಗುತ್ತದೆ. ಸಮುದ್ರವೇ ಗಿರಗಿರ ಸುತ್ತಲು ಶುರುವಾಯಿತು. ಹಗ್ಗವನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯನ್ನು ಚಪ್ಪಟೆ ಮಾಡಿ ಅಲುಗಾಡಿಸಿದೆ. ಜೀವಮಾನದಲ್ಲೇ ಮೊದಲ ಸಲ. ಮಗಳು ತಕ್ಷಣ ನನ್ನ ಎದುರಿಗೆ ಬಂದು, ಅಂಗೈಯನ್ನು ನನ್ನ ಮುಖದ ಮುಂದೆ ಎತ್ತಿ ಹಿಡಿದಳು. ಡೈವಿಂಗಿನಲ್ಲಿ ಅದಕ್ಕೆ ‘ಇರು, ಅಲ್ಲೇ ನಿಲ್ಲು’ ಎಂದರ್ಥ. ಗುಡಿಯ ದೇವರು ಹಿಡಿಯುವುದೂ ಹಾಗೆಯೇ. ನಾನು ಆ ಅಂಗೈಯ ಗೆರೆಗಳನ್ನೇ ನೋಡುತ್ತ ಉದ್ದಕ್ಕೆ ಉಸಿರು ಬಿಟ್ಟೆ. ಸುತ್ತು ನಿಂತಿತು. ಕಿವಿ ತೆರೆಯಲಿಲ್ಲ. ಒಂದು ಮೀಟರ್ ಮೇಲೆ ಹೋಗಿ ಪ್ರಯತ್ನಿಸಿದೆವು, ಆಗಲಿಲ್ಲ. ಹೆಬ್ಬೆರಳು ಎತ್ತಿದೆ. ಮೂವರೂ ನಿಧಾನವಾಗಿ ಮೇಲೆ ಬಂದೆವು. ನೀರಿನಲ್ಲಿದ್ದದ್ದು ಬರೀ ನಾಲ್ಕು ನಿಮಿಷ, ಆ ಡೈವ್ ಲೆಕ್ಕಕ್ಕೆ ಬರಲಿಲ್ಲ.

ಯಾರೂ ಏನೂ ಕೇಳಲಿಲ್ಲ. ದೋಣಿಯವನು ಬಿಸ್ಕತ್ತು, ಚಹ ಕೊಟ್ಟ. ಅದೇ ದೋಣಿಯ ಇನ್ನೊಂದು ತಂಡ ಅರ್ಧ ಗಂಟೆಯ ಮೇಲೆ ಬಂದು, ಕೆಳಗೆ ದೊಡ್ಡ ಆಮೆ ಕಂಡಿತು ಎಂದು ಸಂಭ್ರಮದಿಂದ ಹೇಳಿಕೊಂಡಿತು. ಆಮೆ ನೋಡಬೇಕೆಂದೇ ಆರು ತಿಂಗಳಿಂದ ಈ ಪ್ರವಾಸದ ಜಪ ಮಾಡಿದವಳು ನನ್ನ ಮಗಳು. ಚಹದ ಲೋಟ ಹಿಡಿದು ನೀರು ನೋಡುತ್ತ ಕೂತಿದ್ದಳು. ಮಧ್ಯಾಹ್ನ ಅರ್ಧರ್ಧ ಮೀಟರಿಗೂ ಕಿವಿ ಬಿಡಿಸಿಕೊಳ್ಳುತ್ತ ಇಳಿದ ಇನ್ನೊಂದು ಡೈವ್ ಚೆನ್ನಾಗಿ ಆಯಿತು, ಆಮೆ ಮಾತ್ರ ಬರಲಿಲ್ಲ. ಕೋರ್ಸಿಗೆ ಬೇಕಾದ ನಾಲ್ಕು ಡೈವ್‌ಗಳಲ್ಲಿ ಒಂದು ಇಬ್ಬರಿಗೂ ಉಳಿಯಿತು. ಮಾರನೆಯ ದಿನ ಮಾಡುವಂತಿರಲಿಲ್ಲ, ವಿಮಾನ ಹತ್ತುವ ಮುಂಚೆ 18 ಗಂಟೆ ನೀರಿಗೆ ಇಳಿಯಬಾರದು. ಉಳಿದದ್ದನ್ನು ಒಂದು ವರ್ಷದೊಳಗೆ ಬೇರೆ ಕಡೆ ಮುಗಿಸಬಹುದು ಎಂದರು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯಲ್ಲಿ ಮುಗಿಸೋಣ, ಹಾಗೇ ಅಜ್ಜಿಯನ್ನೂ ನೋಡಿಕೊಂಡು ಬರೋಣ ಎಂದು ಮಾತಾಡಿಕೊಂಡೆವು.

ಆ ಸಂಜೆ ಊರಿಗೆ ಫೋನ್ ಮಾಡಿದಾಗ, ನೀರಿನಲ್ಲಿ ಹೆದರಿದ್ದನ್ನು ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಿಮ್ಮಪ್ಪಂಗೂ ನೀರು ಕಂಡ್ರೆ ಭಯ ಕಣೋ. ಅವ್ರಿಗೆ ಈಜು ಎಲ್ಲಿ ಬರ್ತಿತ್ತು? ನಿನ್ನ ನೂಕ್ದಾಗ ಕೆಳಗಿನ ಮೆಟ್ಲಲ್ಲಿ ಚಿಕ್ಕಪ್ಪನ್ನ ನಿಲ್ಲಿಸಿದ್ರು. ರಾತ್ರಿಯೆಲ್ಲಾ ಮಲಗಿರ್ಲಿಲ್ಲ’ ಅಂದಳು. ಅಪ್ಪ ಹೋಗಿ ಹನ್ನೊಂದು ವರ್ಷವಾಯಿತು. ನನಗೆ ಇದು ಗೊತ್ತಾದದ್ದು ಅವತ್ತು.

ವಾಪಸ್ಸು ಬರುವಾಗ ಫೆರಿಯ ಕಿಟಕಿಯ ಪಕ್ಕ ಮಗಳು ಕೂತಿದ್ದಳು. ‘ನನ್ನಿಂದ ನಿನ್ನ ಆಮೆ ತಪ್ಪಿಹೋಯ್ತಲ್ಲ ಪುಟ್ಟಾ’ ಅಂದೆ.

‘ಪರವಾಗಿಲ್ಲ ಅಪ್ಪ’ ಅಂದಳು.

ನಾನು ಬೆರಳು ಸೇರಿಸಿ ಸೊನ್ನೆ ಮಾಡಿ ಅವಳ ಕಡೆ ಹಿಡಿದೆ. ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಅಂಗೈಯನ್ನು ಚಪ್ಪಟೆ ಮಾಡಿ, ಸ್ವಲ್ಪ, ಆಚೀಚೆ ಅಲುಗಾಡಿಸಿದಳು.